ಫ್ಯಾಟಿ ಲಿವರ್, ನಿಧಾನವಾಗಿ ಬೆಳೆಯುವ ಗಡ್ಡೆ, ತಡವಾಗಿ ಬರುವ ವರದಿ

ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದವರ ಕೈಯಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂಬ ಸಾಲಿಲ್ಲದ ವರದಿ ಕಾಣಸಿಗುವುದೇ ಈಗ ಅಪರೂಪವಾಗಿದೆ. ಕುಮಟಾದಲ್ಲಿ ರಕ್ತ ಪರೀಕ್ಷೆಯ ಸಣ್ಣ ಲ್ಯಾಬೊಂದನ್ನು ನಡೆಸುವ ನಾನು ಗಮನಿಸಿದಂತೆ, ಆ ಸಾಲನ್ನು ಓದಿದವರಲ್ಲಿ ಎರಡು ಬಗೆಯ ಜನರಿದ್ದಾರೆ. ಒಂದು ಬಗೆಯವರು ‘ಈಗ ಎಲ್ಲರಿಗೂ ಇರ್ತದೆ ಬಿಡಿ’ ಎಂದು ವರದಿಯನ್ನು ಮಡಚಿ ಕಪಾಟಿಗೆ ಸೇರಿಸುತ್ತಾರೆ. ಇನ್ನೊಂದು ಬಗೆಯವರು ಅದೇ ರಾತ್ರಿ ಮೊಬೈಲಿನಲ್ಲಿ ಹುಡುಕುತ್ತ ಹುಡುಕುತ್ತ ‘ಲಿವರ್ ಕ್ಯಾನ್ಸರ್’ ಎಂಬಲ್ಲಿಗೆ ಹೋಗಿ ಮುಟ್ಟಿ, ನಿದ್ದೆಗೆಟ್ಟು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಇಬ್ಬರೂ ನೋಡುತ್ತಿರುವುದು ನೋಡಬೇಕಾದ ಅಂಕಿಯನ್ನಲ್ಲ ಎಂಬುದು ನನ್ನ ಅನಿಸಿಕೆ. ನಾನು ವೈದ್ಯನಲ್ಲ, ಆದರೆ ವೈದ್ಯರು ನೋಡುವ ಅಂಕಿಗಳು ನಮ್ಮ ಯಂತ್ರಗಳಿಂದಲೇ ಹೊರಬರುವುದರಿಂದ, ಅವುಗಳ ಹಿಂದಿನ ವಿಷಯವನ್ನು ಓದಿ ತಿಳಿದುಕೊಳ್ಳುವ ಅಭ್ಯಾಸ ಇಟ್ಟುಕೊಂಡಿದ್ದೇನೆ.

ಲಿವರಿನ ಜೀವಕೋಶಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬಿನ ಹನಿಗಳು ತುಂಬಿಕೊಂಡಿದ್ದರೆ ಅದನ್ನು ಫ್ಯಾಟಿ ಲಿವರ್ ಎನ್ನುತ್ತಾರೆ. ಮದ್ಯ ಅದಕ್ಕೆ ಒಂದು ಕಾರಣವೇ ಹೊರತು ಏಕೈಕ ಕಾರಣವಲ್ಲ. ದೇಹ ಇನ್ಸುಲಿನ್ನಿನ ಮಾತನ್ನು ಸರಿಯಾಗಿ ಕೇಳದಿದ್ದಾಗ ಹೊಟ್ಟೆಯ ಸುತ್ತಲಿನ ಕೊಬ್ಬು ಕರಗಿ ರಕ್ತಕ್ಕೆ ಬರುತ್ತಲೇ ಇರುತ್ತದೆ, ಜೊತೆಗೆ ಊಟದಲ್ಲಿ ಹೆಚ್ಚಾದ ಸಕ್ಕರೆಯನ್ನು ಲಿವರ್ ತಾನೇ ಕೊಬ್ಬಾಗಿ ಮಾರ್ಪಡಿಸುತ್ತದೆ. ಮದ್ಯ ಸೇವಿಸದವರಲ್ಲೂ ಮದ್ಯವ್ಯಸನಿಗಳ ಲಿವರಿನಂತೆಯೇ ಕಾಣುವ ಈ ಕಾಯಿಲೆಗೆ 1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಲುಡ್ವಿಗ್ ಮತ್ತು ಸಂಗಡಿಗರು ‘ನ್ಯಾಶ್’ ಎಂಬ ಹೆಸರು ಕೊಟ್ಟರು. 2023ರಿಂದ ವೈದ್ಯ ಸಂಘಟನೆಗಳು ಹೆಸರನ್ನು ಬದಲಿಸಿ ಚಯಾಪಚಯದ ದೋಷಕ್ಕೆ ಅದನ್ನು ತಳುಕು ಹಾಕಿವೆ. ಹೆಸರು ಏನೇ ಇರಲಿ, ನಮ್ಮ ಕಡೆ ಈ ಕಾಯಿಲೆಯ ಮೊದಲ ತೊಂದರೆ ಅವಮಾನ. ಲಿವರ್ ಕಾಯಿಲೆ ಎಂದ ಕೂಡಲೇ ಕೇಳುವವರ ಮುಖದಲ್ಲಿ ‘ಓಹೋ, ಕುಡಿತ ಇತ್ತೋ’ ಎಂಬ ಪ್ರಶ್ನೆ ಮೂಡುತ್ತದೆ. ಕಾರವಾರದ ಕಡೆಯವರಾದರೆ ಪಕ್ಕದಲ್ಲೇ ಗೋವಾ ಇರುವುದರಿಂದ ಪ್ರಶ್ನೆ ಬಾಯಿಂದಲೇ ಬರುತ್ತದೆ. ಈ ಮುಜುಗರಕ್ಕೆ ಹೆದರಿ ವರದಿಯನ್ನು ಮನೆಯವರಿಗೂ ತೋರಿಸದ ಹೆಂಗಸರನ್ನು ನಾನು ಕಂಡಿದ್ದೇನೆ.

ಇನ್ನು ಗ್ರೇಡಿನ ವಿಷಯ. ಅಲ್ಟ್ರಾಸೌಂಡ್ ವರದಿಯಲ್ಲಿ ಬರೆಯುವ ಗ್ರೇಡ್ 1, 2, 3 ಎಂಬುದು ಪರದೆಯ ಮೇಲೆ ಲಿವರ್ ಎಷ್ಟು ಬೆಳ್ಳಗೆ ಕಾಣುತ್ತದೆ ಎಂಬುದರ ಅಂದಾಜು, ಅಂದರೆ ಕೊಬ್ಬಿನ ಅಂದಾಜು ಮಾತ್ರ. ಮುಂದಿನ ಭವಿಷ್ಯವನ್ನು ನಿರ್ಧರಿಸುವುದು ಕೊಬ್ಬಲ್ಲ, ಕೊಬ್ಬಿನಿಂದ ಉರಿಯೂತವಾಗಿ, ಉರಿಯೂತ ಮಾಯುವಾಗ ಉಳಿಯುವ ಗಾಯದ ಕಲೆ. ವೈದ್ಯರು ಇದನ್ನು ಫೈಬ್ರೋಸಿಸ್ ಎಂದು ಕರೆದು, ಎಫ್0 ಎಂಬ ಕಲೆಯಿಲ್ಲದ ಸ್ಥಿತಿಯಿಂದ ಎಫ್4, ಅಂದರೆ ಲಿವರ್ ತುಂಬ ಕಲೆಗಟ್ಟಿ ಗಡುಸಾಗುವ ಸಿರೋಸಿಸ್‌ವರೆಗೆ ಐದು ಹಂತಗಳಲ್ಲಿ ಅಳೆಯುತ್ತಾರೆ. ಬರಿಯ ಕೊಬ್ಬಿರುವವರಲ್ಲಿ ಒಂದು ಹಂತದಿಂದ ಮುಂದಿನದಕ್ಕೆ ಹೋಗಲು ಸರಾಸರಿ 14 ವರ್ಷ, ಉರಿಯೂತವೂ ಸೇರಿದವರಲ್ಲಿ ಸರಾಸರಿ 7 ವರ್ಷ ಬೇಕೆಂದು ಬಯಾಪ್ಸಿಗಳನ್ನು (ಸೂಜಿಯಿಂದ ತೆಗೆದ ಲಿವರಿನ ಚೂರುಗಳ ಪರೀಕ್ಷೆಗಳನ್ನು) ಹೋಲಿಸಿದ ಅಧ್ಯಯನಗಳು ಹೇಳುತ್ತವೆ. ಹೆಚ್ಚಿನವರು ಕೊನೆಯ ಹಂತಕ್ಕೆ ಹೋಗುವುದೇ ಇಲ್ಲ. ವಿಚಿತ್ರವೆಂದರೆ, ಸಿರೋಸಿಸ್ ಬಲಿತ ಮೇಲೆ ಲಿವರಿನ ಕೊಬ್ಬು ತಾನಾಗಿಯೇ ಕಡಿಮೆಯಾಗುವುದುಂಟು. ಹಿಂದೆ ಗ್ರೇಡ್ 2 ಇದ್ದದ್ದು ಈಗ ಗ್ರೇಡ್ 1 ಆಗಿದೆ ಎಂದು ಪೇಡೆ ಹಂಚುವ ಮೊದಲು ಆ ಇಳಿಕೆ ತೂಕ ಇಳಿದದ್ದರಿಂದ ಬಂದದ್ದೋ, ಲಿವರ್ ಕುಗ್ಗಿದ್ದರಿಂದ ಬಂದದ್ದೋ ಎಂದು ಒಬ್ಬರು ತಿಳಿದವರು ನೋಡಬೇಕಾಗುತ್ತದೆ.

ಕಲೆ ಇದೆಯೇ ಇಲ್ಲವೇ ಎಂದು ಅಂದಾಜಿಸಲು ಲಿವರಿಗೆ ಸೂಜಿ ಚುಚ್ಚಬೇಕಿಲ್ಲ. ಫಿಬ್-4 ಎಂಬ ಸರಳ ಲೆಕ್ಕವಿದೆ. ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬುವು ಅದಕ್ಕೆ ಬೇಕಾಗುವ, ಲಿವರಿನ ಸ್ಥಿತಿ ತೋರಿಸುವ ಎರಡು ರಕ್ತ ಪರೀಕ್ಷೆಗಳು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ, ಅದನ್ನು ಪ್ಲೇಟ್‌ಲೆಟ್ ಸಂಖ್ಯೆ ಮತ್ತು ಎಸ್‌ಜಿಪಿಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಿದರೆ ಆಯಿತು. ಉದಾಹರಣೆಗೆ 57 ವರ್ಷದ ಒಬ್ಬರ ಎಸ್‌ಜಿಒಟಿ 40, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ 1.60 ಲಕ್ಷ ಎಂದಿಟ್ಟುಕೊಳ್ಳಿ. ಈ ಲೆಕ್ಕದಲ್ಲಿ ಪ್ಲೇಟ್‌ಲೆಟ್ಟನ್ನು 160 ಎಂದು ಬರೆಯುತ್ತಾರೆ. 57 ಗುಣಿಸು 40 ಎಂದರೆ 2280; 36ರ ವರ್ಗಮೂಲ 6, ಅದನ್ನು 160ರಿಂದ ಗುಣಿಸಿದರೆ 960; ಭಾಗಿಸಿದರೆ ಸುಮಾರು 2.38. ಈ ಸಂಖ್ಯೆ 1.3ಕ್ಕಿಂತ ಕಡಿಮೆ ಇದ್ದರೆ ಬಲಿತ ಕಲೆ ಇರುವ ಸಾಧ್ಯತೆ ತೀರ ಕಡಿಮೆ, 65 ದಾಟಿದವರಿಗೆ ಆ ಗಡಿ 2, 2.67 ಮೀರಿದರೆ ತಜ್ಞರನ್ನು ಕಾಣಲೇಬೇಕು. ನಡುವೆ ಬಿದ್ದವರು ಫೈಬ್ರೋಸ್ಕ್ಯಾನ್ ಮಾಡಿಸಿ ಲಿವರಿನ ಗಡಸುತನವನ್ನು ಅಳೆಸಬೇಕು. ನಾನು ಕೊಟ್ಟ ಉದಾಹರಣೆಯಲ್ಲಿ ಒಂದೊಂದು ಅಂಕಿಯೂ ನಾರ್ಮಲ್ ಮಿತಿಯೊಳಗೇ ಇದೆ ಎಂಬುದನ್ನು ಗಮನಿಸಿ. ನಮ್ಮ ಪ್ರಿಂಟರ್ ಯಾವುದನ್ನೂ ದಪ್ಪ ಅಕ್ಷರದಲ್ಲಿ ಮುದ್ರಿಸುವುದಿಲ್ಲ. ಎಸ್‌ಜಿಒಟಿ, ಎಸ್‌ಜಿಪಿಟಿ ಇರುವ ಎಲ್‌ಎಫ್‌ಟಿ ವರದಿ ಒಂದು ಹಾಳೆಯಲ್ಲಿ, ಪ್ಲೇಟ್‌ಲೆಟ್ ಇರುವ ಸಿಬಿಸಿ ಇನ್ನೊಂದು ಹಾಳೆಯಲ್ಲಿ ಹೋಗುವುದರಿಂದ ಎರಡನ್ನೂ ಪಕ್ಕದಲ್ಲಿಟ್ಟು ನೋಡುವವರು ಇಲ್ಲದಿದ್ದರೆ, ಆ 2.38 ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ.

ಕ್ಯಾನ್ಸರಿನ ಭಯಕ್ಕೆ ಈಗ ಬರೋಣ. ‘ಫ್ಯಾಟಿ ಲಿವರ್ ಇದ್ದವರಿಗೆ ಲಿವರ್ ಕ್ಯಾನ್ಸರಿನ ಅಪಾಯ ಏಳು ಪಟ್ಟು’ ಎಂಬಂಥ ಶೀರ್ಷಿಕೆಗಳು ಸುಳ್ಳಲ್ಲ, ಆದರೆ ಅರ್ಧ ಮಾತು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ದಾಖಲೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಫ್ಯಾಟಿ ಲಿವರ್ ಇದ್ದ ಸುಮಾರು 3 ಲಕ್ಷ ಜನರನ್ನು ಅದಿಲ್ಲದ ಅಷ್ಟೇ ಜನರೊಂದಿಗೆ ಹೋಲಿಸಲಾಯಿತು. ಅಪಾಯ ಏಳೂವರೆ ಪಟ್ಟು ಹೆಚ್ಚು ಕಂಡದ್ದು ನಿಜ. ಆದರೆ ಲೆಕ್ಕಕ್ಕೆ ಇಳಿದರೆ, ಫ್ಯಾಟಿ ಲಿವರ್ ಇದ್ದ 10,000 ಜನರಲ್ಲಿ ವರ್ಷಕ್ಕೆ ಸುಮಾರು ಇಬ್ಬರಿಗೆ ಈ ಕ್ಯಾನ್ಸರ್ ಬಂದಿತ್ತು. ಅದೇ ಅಧ್ಯಯನದಲ್ಲಿ ಸಿರೋಸಿಸ್ ಆಗಿದ್ದವರನ್ನು ಬೇರೆಯಾಗಿ ನೋಡಿದಾಗ 1,000 ಜನರಲ್ಲಿ ವರ್ಷಕ್ಕೆ ಹತ್ತಕ್ಕೂ ಹೆಚ್ಚು ಮಂದಿ, ಅಂದರೆ ನೂರಕ್ಕೆ ಒಬ್ಬರಂತೆ ಕ್ಯಾನ್ಸರಿಗೆ ತುತ್ತಾಗಿದ್ದರು. ಎರಡು ಸ್ಥಿತಿಗಳಿಗೂ ನಾವು ಆಡುಮಾತಿನಲ್ಲಿ ಹೇಳುವುದು ‘ಫ್ಯಾಟಿ ಲಿವರ್’ ಎಂದೇ. ಆದರೆ ಒಂದರ ಅಪಾಯ ಇನ್ನೊಂದರದ್ದಕ್ಕಿಂತ ಐವತ್ತು ಪಟ್ಟು ಬೇರೆ. ಇದರ ಮೇಲೆ ಸಕ್ಕರೆ ಕಾಯಿಲೆಯಿದ್ದರೆ ಅಪಾಯ ಮತ್ತೆ ಎರಡು ಮೂರು ಪಟ್ಟಾಗುತ್ತದೆ. ಪಿಎನ್‌ಪಿಎಲ್‌ಎ3 ಎಂಬ ಜೀನಿನ ಒಂದು ರೂಪ ಹುಟ್ಟಿನಿಂದಲೇ ಬಂದಿದ್ದರೆ ಮೈಯಲ್ಲಿ ದಪ್ಪವಿಲ್ಲದವರಿಗೂ ಲಿವರಿನಲ್ಲಿ ಕೊಬ್ಬು ಮತ್ತು ಕಲೆ ಬೇಗ ಸೇರಿಕೊಳ್ಳುತ್ತವೆ.

ಇಲ್ಲಿಗೇ ವಿಷಯ ಮುಗಿದಿದ್ದರೆ ‘ಸಿರೋಸಿಸ್ ಆಗದಂತೆ ನೋಡಿಕೊಳ್ಳಿ, ಆಗದಿದ್ದರೆ ನಿಶ್ಚಿಂತೆ’ ಎಂದು ಹೇಳಿಬಿಡಬಹುದಿತ್ತು. ಫ್ಯಾಟಿ ಲಿವರ್ ಆ ನಿಶ್ಚಿಂತೆಯನ್ನು ಕೊಡುವುದಿಲ್ಲ. ಪ್ರಪಂಚದ ನಾನಾ ಕಡೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಕೊಬ್ಬಿನ ಕಾಯಿಲೆಯಿಂದ ಲಿವರ್ ಕ್ಯಾನ್ಸರ್ ಬಂದವರಲ್ಲಿ ನೂರಕ್ಕೆ 38ರಷ್ಟು ಮಂದಿಗೆ ಸಿರೋಸಿಸ್ ಇರಲೇ ಇಲ್ಲ, ವೈರಸ್, ಮದ್ಯ ಮುಂತಾದ ಬೇರೆ ಕಾರಣಗಳಿಂದ ಬಂದವರಲ್ಲಿ ಈ ಪ್ರಮಾಣ ನೂರಕ್ಕೆ 15ರ ಆಸುಪಾಸಿನಲ್ಲಿತ್ತು. ಕೊಬ್ಬು ತುಂಬಿದ ಜೀವಕೋಶದೊಳಗೆ ಸದಾ ನಡೆಯುವ ಉರಿಯೂತ, ಅದರಿಂದ ಡಿಎನ್‌ಎಗೆ ಆಗುವ ಸಣ್ಣ ಸಣ್ಣ ಪೆಟ್ಟು, ರಕ್ತದಲ್ಲಿ ಏರಿಕೊಂಡೇ ಇರುವ ಇನ್ಸುಲಿನ್ ಜೀವಕೋಶಗಳನ್ನು ಬೆಳೆಯಲು ತಳ್ಳುತ್ತಿರುವುದು, ಇವೆಲ್ಲ ಸೇರಿ ಗಾಯದ ಕಲೆ ಬಲಿಯುವುದಕ್ಕೆ ಕಾಯದೆ ಕ್ಯಾನ್ಸರಿಗೆ ದಾರಿ ಮಾಡಿಕೊಡಬಲ್ಲವು.

ನನ್ನ ಸೋದರಮಾವ ಆ 38ರಲ್ಲಿ ಒಬ್ಬರು. ಶಿರಸಿಯಿಂದ ಸ್ವಲ್ಪ ಒಳಗಿನ ಊರಿನಲ್ಲಿ ಅಡಿಕೆ ತೋಟ, ಹತ್ತಾರು ವರ್ಷಗಳ ಸಕ್ಕರೆ ಕಾಯಿಲೆ, ಹೊಟ್ಟೆ ಸ್ವಲ್ಪ ಮುಂದೆ, ಕೈಕಾಲು ಸಣ್ಣ. ಮಳೆಗಾಲ ಮುಗಿದ ಮೇಲೆ ಬೆನ್ನಿನ ಬದಿಗೆ ನೋವು ಬಂದು, ಕಿಡ್ನಿ ಸ್ಟೋನ್ ಇರಬಹುದೆಂದು ಮಾಡಿಸಿದ ಸ್ಕ್ಯಾನಿಂಗಿನಲ್ಲಿ ಕಲ್ಲು ಸಿಗಲಿಲ್ಲ. ಲಿವರಿನ ಬಲ ಹಾಲೆಯಲ್ಲಿ ಐದು ಸೆಂಟಿಮೀಟರಿನ ಗಡ್ಡೆ ಸಿಕ್ಕಿತು. ಅವರ ಹಳೆಯ ರಕ್ತ ಪರೀಕ್ಷೆಗಳನ್ನು ತೆಗೆದು ನಾನು ಫಿಬ್-4 ಲೆಕ್ಕ ಹಾಕಿದಾಗ ಉತ್ತರ 1.3ಕ್ಕಿಂತ ಕಡಿಮೆಯೇ ಇತ್ತು. ಮೇಲೆ ಹೊಗಳಿದ ಲೆಕ್ಕ ಕಲೆಯನ್ನು ಹೇಳುತ್ತದೆಯೇ ಹೊರತು ಕ್ಯಾನ್ಸರನ್ನಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಬೇಕಿರಲಿಲ್ಲ. ಅತ್ತೆಗೆ ಮಾತ್ರ ಒಂದೇ ಪ್ರಶ್ನೆ. ‘ಮದುವೆ ಮುಂಜಿಯಲ್ಲೂ ಒಂದು ಹನಿ ಮುಟ್ಟದೋರಿಗೆ ಲಿವರಿಗೆ ಎಂತಕ್ಕೆ ಬಂತೋ ತಮಾ?’ ಎಂದು ಅವರು ಬಂದ ನೆಂಟರ ಎದುರಿನಲ್ಲೆಲ್ಲ ಕೇಳುತ್ತಿದ್ದರು. ಉತ್ತರಕ್ಕಲ್ಲ, ನೆಂಟರು ಬೇರೆ ಅರ್ಥ ಮಾಡಿಕೊಳ್ಳದಿರಲಿ ಎಂದು.

ಐದು ಸೆಂಟಿಮೀಟರಿನ ಗಡ್ಡೆ ಎಷ್ಟು ಕಾಲದಿಂದ ಅಲ್ಲಿತ್ತು ಎಂಬ ಪ್ರಶ್ನೆ ಆಗ ನನ್ನನ್ನು ಹಿಡಿದುಕೊಂಡಿತು. ಲಿವರ್ ಕ್ಯಾನ್ಸರಿನ ಬೆಳವಣಿಗೆಯನ್ನು ಅಳೆಯುವವರು ಗಡ್ಡೆಯ ಗಾತ್ರ ದುಪ್ಪಟ್ಟಾಗಲು ಬೇಕಾಗುವ ಕಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಹಲವು ಅಧ್ಯಯನಗಳನ್ನು ಸೇರಿಸಿ ಮಾಡಿದ ವಿಶ್ಲೇಷಣೆಯೊಂದು ಈ ಕಾಲವನ್ನು ಸರಾಸರಿ 4.6 ತಿಂಗಳು ಎಂದು ಹೇಳಿದೆ. ಇಲ್ಲಿ ಗಾತ್ರವೆಂದರೆ ಘನಗಾತ್ರ, ವರದಿಯಲ್ಲಿ ಬರೆಯುವ ಅಡ್ಡಳತೆಯಲ್ಲ ಎಂಬುದನ್ನು ಮರೆಯಬಾರದು. ಒಂದು ಸೆಂಟಿಮೀಟರಿನ ಗಡ್ಡೆ ಎರಡು ಸೆಂಟಿಮೀಟರ್ ಆಗಬೇಕಾದರೆ ಘನಗಾತ್ರ ಎಂಟು ಪಟ್ಟಾಗಬೇಕು, ಅಂದರೆ ಮೂರು ಸಲ ದುಪ್ಪಟ್ಟಾಗಬೇಕು, ಅದಕ್ಕೆ ಸುಮಾರು 14 ತಿಂಗಳು. ಒಂದರಿಂದ ಐದು ಸೆಂಟಿಮೀಟರಿಗೆ ಬರಲು ಘನಗಾತ್ರ 125 ಪಟ್ಟಾಗಬೇಕು. ಏಳು ಸಲ ದುಪ್ಪಟ್ಟಾಗುವ ಈ ದಾರಿ ಸರಾಸರಿ ವೇಗದಲ್ಲಿ ಎರಡೂವರೆ ವರ್ಷಕ್ಕೂ ಹೆಚ್ಚು. ಅದೇ ವಿಶ್ಲೇಷಣೆ ಇನ್ನೊಂದು ಮಾತನ್ನೂ ಹೇಳುತ್ತದೆ: ಹೆಪಟೈಟಿಸ್ ಬಿ ಹೆಚ್ಚಾಗಿರುವ ಏಷ್ಯಾದ ರೋಗಿಗಳಲ್ಲಿ ಗಡ್ಡೆಗಳು ಹೆಚ್ಚು ವೇಗವಾಗಿ ಬೆಳೆಯುತ್ತವೆ. ಸರಾಸರಿ ಎಂಬುದು ಎಲ್ಲರ ಕಥೆಯಲ್ಲ ನಿಜ. ಮೂರರಲ್ಲೊಂದು ಭಾಗದ ಗಡ್ಡೆಗಳು ಮೂರು ತಿಂಗಳೊಳಗೆ ದುಪ್ಪಟ್ಟಾಗುವ ಅವಸರದವು, ನೂರಕ್ಕೆ ಸುಮಾರು 38ರಷ್ಟು ಒಂಬತ್ತು ತಿಂಗಳಾದರೂ ದುಪ್ಪಟ್ಟಾಗದ ಸೋಮಾರಿಗಳು. ಆದರೂ ಒಟ್ಟಿನಲ್ಲಿ ನೋಡಿದರೆ ಈ ಕಾಯಿಲೆ ನಮಗೆ ಕಾಲಾವಕಾಶ ಕೊಡುತ್ತದೆ. ಆರು ತಿಂಗಳಿಗೊಮ್ಮೆ ನೋಡುವವರಿದ್ದರೆ, ಆ ಎರಡೂವರೆ ವರ್ಷಗಳಲ್ಲಿ ಐದು ಸಲ ಅದು ಕಣ್ಣಿಗೆ ಬೀಳಬಹುದಿತ್ತು.

ಹಾಗಾದರೆ ಯಾರೂ ಏಕೆ ನೋಡಲಿಲ್ಲ? ಮಾವನನ್ನು ನೋಡುತ್ತಿದ್ದ ವೈದ್ಯರನ್ನು ದೂರುವುದರಲ್ಲಿ ಅರ್ಥವಿಲ್ಲ, ನಿಯಮವೇ ಹಾಗಿದೆ. ಸಿರೋಸಿಸ್ ಇದ್ದವರಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಬೇಕೆಂದು ಮಾರ್ಗಸೂಚಿಗಳು ಹೇಳುತ್ತವೆ, ಕೆಲವು ಅದರ ಜೊತೆಗೆ ಎಎಫ್‌ಪಿ ಎಂಬ ರಕ್ತ ಪರೀಕ್ಷೆಯನ್ನೂ ಸೇರಿಸುತ್ತವೆ. ಎಫ್3 ಹಂತದವರ ವಿಷಯದಲ್ಲಿ ಯುರೋಪಿನವರು ವ್ಯಕ್ತಿಯ ಅಪಾಯ ನೋಡಿ ಮಾಡಬಹುದೆನ್ನುತ್ತಾರೆ. ಅದಕ್ಕಿಂತ ಕೆಳಗಿನವರಿಗೆ ಯಾರೂ ಹೇಳುವುದಿಲ್ಲ, ಹೇಳುವಂತೆಯೂ ಇಲ್ಲ. ವಯಸ್ಕರಲ್ಲಿ ಮೂರರಲ್ಲೊಬ್ಬರಿಗೆ ಫ್ಯಾಟಿ ಲಿವರ್ ಇರುವ ದೇಶದಲ್ಲಿ ಎಲ್ಲರನ್ನೂ ವರ್ಷಕ್ಕೆರಡು ಸಲ ಸ್ಕ್ಯಾನಿಂಗ್ ಯಂತ್ರದ ಮುಂದೆ ಮಲಗಿಸಲು ಹೊರಟರೆ, ಹತ್ತು ಸಾವಿರದಲ್ಲಿ ಇಬ್ಬರನ್ನು ಹಿಡಿಯಲು ಉಳಿದವರಿಗೆಲ್ಲ ಖರ್ಚು, ಭಯ ಮತ್ತು ಬೇಡದ ಬಯಾಪ್ಸಿ. ಕ್ಯಾನ್ಸರಾದವರಲ್ಲಿ ಮೂರನೆಯ ಒಂದು ಭಾಗ ಬಲೆಯ ಹೊರಗೇ ಉಳಿಯುತ್ತದೆ ಎಂದು ಗೊತ್ತಿದ್ದೂ ಬಲೆಯನ್ನು ಹಿಗ್ಗಿಸಲಾಗದ ಈ ಸ್ಥಿತಿಗೆ ಸದ್ಯಕ್ಕೆ ಸರಿಯಾದ ಉತ್ತರವಿಲ್ಲ.

ನನಗೆ ಸಿಟ್ಟು ಬರುವುದು ಬಲೆಯ ಒಳಗಿರುವವರ ವಿಷಯದಲ್ಲಿ. 2022ರ ಅದೇ ವಿಶ್ಲೇಷಣೆಯಲ್ಲಿ, ಕೊಬ್ಬಿನ ಕಾಯಿಲೆಯಿಂದ ಕ್ಯಾನ್ಸರ್ ಬಂದವರಲ್ಲಿ ಅದಕ್ಕೆ ಮೊದಲು ನಿಯಮಿತ ತಪಾಸಣೆಯಲ್ಲಿದ್ದವರು ನೂರಕ್ಕೆ 33ರಷ್ಟು ಮಾತ್ರ. ಬೇರೆ ಕಾರಣದವರಲ್ಲಿ 56ರಷ್ಟು. ಹೆಪಟೈಟಿಸ್ ಬಿ ಎಂದು ಗೊತ್ತಾದವರು ಭಯಕ್ಕಾದರೂ ತಪಾಸಣೆಗೆ ಬರುತ್ತಾರೆ, ಫ್ಯಾಟಿ ಲಿವರಿನಿಂದ ಸಿರೋಸಿಸ್ ಆದವರಿಗೆ ತಮಗೆ ಸಿರೋಸಿಸ್ ಇದೆ ಎಂಬುದೇ ತಿಳಿದಿರುವುದಿಲ್ಲ. ನಮ್ಮ ತೋಟಗಳಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಹೊಡೆಯುತ್ತೇವೆ, ಕಾಯಿ ಉದುರಿದ ಮೇಲಲ್ಲ. ಅಷ್ಟು ಮುಂಜಾಗ್ರತೆ ಇರುವ ಜನ ಲಿವರಿನ ವಿಷಯಕ್ಕೆ ಬಂದಾಗ ಕಾಮಾಲೆಯೋ ಕಾಲುಬಾವೋ ಕಾಣಿಸಿಕೊಳ್ಳುವವರೆಗೆ ಸುಮ್ಮನಿರುತ್ತಾರೆ.

ತಪಾಸಣೆಗೆ ಹೋದವರಿಗೂ ಒಂದು ಎಚ್ಚರಿಕೆ ಅಗತ್ಯ. ಸಿರೋಸಿಸ್ ಇದ್ದವರಲ್ಲಿ ಆರಂಭದ ಹಂತದ ಗಡ್ಡೆಯನ್ನು ಬರಿಯ ಅಲ್ಟ್ರಾಸೌಂಡ್ ಕಂಡುಹಿಡಿಯುವುದು ನೂರಕ್ಕೆ 45ರಷ್ಟು ಸಲ. ಎಎಫ್‌ಪಿಯನ್ನೂ ಸೇರಿಸಿದರೆ ಇದು 63ಕ್ಕೆ ಏರುತ್ತದೆ. ಹೊಟ್ಟೆಯ ಮೇಲೆ ಕೊಬ್ಬಿನ ಪದರ ದಪ್ಪವಿದ್ದು, ಲಿವರಿನಲ್ಲೂ ಕೊಬ್ಬು ತುಂಬಿದ್ದರೆ ಧ್ವನಿ ತರಂಗಗಳು ಆಳಕ್ಕೆ ಇಳಿಯುವ ಮೊದಲೇ ಸೋತುಹೋಗುತ್ತವೆ. ಹೀಗಾಗಿ ಯಾರಿಗೆ ಈ ತಪಾಸಣೆ ಹೆಚ್ಚು ಬೇಕೋ ಅವರಲ್ಲೇ ಅದು ಹೆಚ್ಚು ಎಡವುತ್ತದೆ. ‘ಲಿವರ್ ಸರಿಯಾಗಿ ಕಾಣಿಸಲಿಲ್ಲ’ ಎಂದು ವರದಿಯಲ್ಲಿ ಬರೆದಿದ್ದರೆ ಅದನ್ನು ನಾರ್ಮಲ್ ಎಂದು ಓದಬಾರದು. ಎಂಆರ್‌ಐ ಅಥವಾ ಸಿಟಿ ಬೇಕೇ ಎಂದು ವೈದ್ಯರನ್ನು ಕೇಳಬೇಕು.

ಗಡ್ಡೆ ಕಂಡ ಮೇಲೆ ಅದು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತಿಳಿಯುವ ವಿಧಾನ ಲಿವರಿನ ರಕ್ತ ಸಂಚಾರವನ್ನೇ ಆಧರಿಸಿದೆ. ಲಿವರಿಗೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ಕರುಳಿನಿಂದ ಬರುವ ಪೋರ್ಟಲ್ ಅಭಿಧಮನಿಯದು, ಕಾಲು ಪಾಲು ಮಾತ್ರ ಅಪಧಮನಿಯದು. ಕ್ಯಾನ್ಸರ್ ಗಡ್ಡೆ ಮಾತ್ರ ಅಪಧಮನಿಯ ರಕ್ತವನ್ನೇ ಹೀರಿ ಬೆಳೆಯುತ್ತದೆ. ಆದ್ದರಿಂದ ಬಣ್ಣದ ಔಷಧ ಕೊಟ್ಟು ಹಂತ ಹಂತವಾಗಿ ಸಿಟಿ ತೆಗೆದಾಗ ಮೊದಲ ಹಂತದಲ್ಲಿ ಗಡ್ಡೆ ಫಳ್ಳನೆ ಹೊಳೆದು, ಮುಂದಿನ ಹಂತದಲ್ಲಿ ಸುತ್ತಲಿನ ಲಿವರಿಗಿಂತ ಮಂಕಾಗುತ್ತದೆ. ಸಿರೋಸಿಸ್ ಇದ್ದವರಲ್ಲಿ ಇಷ್ಟು ಕಂಡರೆ ಬಯಾಪ್ಸಿ ಇಲ್ಲದೆಯೇ ತೀರ್ಮಾನಕ್ಕೆ ಬರುತ್ತಾರೆ. ಸಿರೋಸಿಸ್ ಇಲ್ಲದವರಲ್ಲಿ ಇಂಥ ನೋಟವನ್ನು ಕೊಡುವ ಬೇರೆ ಗಡ್ಡೆಗಳೂ ಇರುವುದರಿಂದ ಸೂಜಿ ಹಾಕಿ ಚೂರು ತೆಗೆಯಲೇಬೇಕು. ಮಾವನಿಗೂ ಹಾಗೇ ಆಯಿತು. ‘ಸೂಜಿ ತಾಗಿದರೆ ಕ್ಯಾನ್ಸರ್ ಹರಡ್ತದೆ’ ಎಂದು ಊರಿನವರೆಲ್ಲ ಬುದ್ಧಿ ಹೇಳಿದರು. ಸೂಜಿಯ ದಾರಿಯಲ್ಲಿ ಜೀವಕೋಶಗಳು ಉದುರುವ ಸಾಧ್ಯತೆ ಇದೆ, ಆದರೆ ಅದು ತೀರ ಕಡಿಮೆ. ಏನೆಂದು ತಿಳಿಯದೆ ಲಿವರ್ ಕತ್ತರಿಸುವುದರ ಅಪಾಯದ ಮುಂದೆ ಅದು ದೊಡ್ಡದಲ್ಲ ಎಂದು ಅಲ್ಲಿನ ತಜ್ಞರು ಸಮಾಧಾನವಾಗಿ ವಿವರಿಸಿದರು.

ಪರಿಣಾಮ ಏನಾಗುತ್ತದೆ ಎಂಬುದು ಹೆಚ್ಚು ಕಡಿಮೆ ಪೂರ್ತಿಯಾಗಿ ಎರಡು ಸಂಗತಿಗಳ ಮೇಲೆ ನಿಂತಿದೆ: ಗಡ್ಡೆ ಸಿಕ್ಕಾಗ ಎಷ್ಟಿತ್ತು, ಉಳಿದ ಲಿವರ್ ಎಷ್ಟು ಆರೋಗ್ಯವಾಗಿತ್ತು. ಎರಡು ಮೂರು ಸೆಂಟಿಮೀಟರಿನ ಒಳಗಿದ್ದರೆ ಸೂಜಿಯ ಮೂಲಕ ಕಾವು ಕೊಟ್ಟು ಸುಡಬಹುದು. ಒಂದೇ ಗಡ್ಡೆಯಿದ್ದು ಲಿವರ್ ಚೆನ್ನಾಗಿದ್ದರೆ ಆ ಭಾಗವನ್ನು ಕತ್ತರಿಸಿ ತೆಗೆಯಬಹುದು. ಲಿವರೇ ಕೆಟ್ಟಿದ್ದರೆ ಕಸಿ. ಇಟಲಿಯ ಮಿಲಾನಿನ ಮಾಜಾಫೆರ್ರೊ ಮತ್ತು ಸಂಗಡಿಗರು 1996ರಲ್ಲಿ, ಒಂದೇ ಗಡ್ಡೆ ಐದು ಸೆಂಟಿಮೀಟರ್ ಮೀರದಿದ್ದರೆ ಅಥವಾ ಮೂರರವರೆಗಿನ ಗಡ್ಡೆಗಳು ತಲಾ ಮೂರು ಸೆಂಟಿಮೀಟರ್ ಮೀರದಿದ್ದರೆ ಕಸಿ ಮಾಡಿದವರಲ್ಲಿ ನೂರಕ್ಕೆ 75ರಷ್ಟು ಮಂದಿ ನಾಲ್ಕು ವರ್ಷ ಬದುಕಿದ್ದನ್ನು ತೋರಿಸಿದರು. ಇಂದಿಗೂ ಆ ಅಳತೆಯೇ ಹೆಚ್ಚಿನ ಕಡೆ ಮೂಲ ಮಾನದಂಡ. ಗಡ್ಡೆಗಳು ಹೆಚ್ಚಿದ್ದರೆ ಅಪಧಮನಿಯ ಮೂಲಕವೇ ಔಷಧ ಕಳಿಸಿ ರಕ್ತದ ದಾರಿ ಮುಚ್ಚುತ್ತಾರೆ. ರಕ್ತನಾಳಕ್ಕೆ ನುಗ್ಗಿ ಅಥವಾ ಶ್ವಾಸಕೋಶಕ್ಕೆ ಹಾರಿ ಹೋದ ಹಂತದಲ್ಲಿ ಉಳಿಯುವುದು ಔಷಧ ಮಾತ್ರ, ಅಲ್ಲಿ ಲೆಕ್ಕ ವರ್ಷಗಳಿಂದ ತಿಂಗಳಿಗೆ ಇಳಿಯುತ್ತದೆ. 2008ರ ಸುಮಾರಿಗೆ ಸೊರಾಫೆನಿಬ್ ಎಂಬ ಗುಳಿಗೆ ಬಂದಾಗ ಬದುಕುವ ಮಧ್ಯಮ ಅವಧಿ ಎಂಟು ತಿಂಗಳಿಂದ ಹನ್ನೊಂದರ ಹತ್ತಿರಕ್ಕೆ ಬಂದದ್ದೇ ದೊಡ್ಡ ಸುದ್ದಿಯಾಗಿತ್ತು. ಮುಂದೆ ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರಿನ ಮೇಲೆ ಎತ್ತಿಕಟ್ಟುವ ಇಮ್ಯುನೋಥೆರಪಿ ಬಂತು, ಅಟೆಜೊಲಿಜುಮಾಬ್ ಮತ್ತು ಬೆವಾಸಿಜುಮಾಬ್ ಔಷಧಗಳ ಜೋಡಿ ಅದನ್ನು 19 ತಿಂಗಳಿಗೆ ಏರಿಸಿತು. ಫ್ಯಾಟಿ ಲಿವರಿನಿಂದ ಬಂದ ಕ್ಯಾನ್ಸರಿಗೆ ಈ ಇಮ್ಯುನೋಥೆರಪಿ ಅಷ್ಟಾಗಿ ತಾಗುವುದಿಲ್ಲವೆಂದು 2021ರಲ್ಲಿ ಇಲಿಗಳ ಮೇಲಿನ ಸಂಶೋಧನೆಯೊಂದು ಹೇಳಿತು, ಆ ಚರ್ಚೆ ಇನ್ನೂ ನಡೆದಿದೆ. ಅಷ್ಟರಿಂದಲೇ ಯಾರಿಗೂ ಔಷಧವನ್ನು ನಿರಾಕರಿಸುವ ಪದ್ಧತಿಯಿಲ್ಲ.

ಒಟ್ಟಾರೆ ಬದುಕುಳಿಯುವಿಕೆಯಲ್ಲಿ ಫ್ಯಾಟಿ ಲಿವರಿನ ಕ್ಯಾನ್ಸರಿಗೂ ಬೇರೆ ಕಾರಣದ ಕ್ಯಾನ್ಸರಿಗೂ ವ್ಯತ್ಯಾಸ ಕಾಣಲಿಲ್ಲ ಎಂದು 2022ರ ವಿಶ್ಲೇಷಣೆ ಹೇಳುತ್ತದೆ. ಮೇಲುನೋಟಕ್ಕೆ ಇದು ಸಪ್ಪೆ ಮಾತು. ಆದರೆ ಈ ರೋಗಿಗಳು ವಯಸ್ಸಿನಲ್ಲಿ ಹಿರಿಯರು, ಹೃದಯದ ಕಾಯಿಲೆ, ಸಕ್ಕರೆ, ಬಿಪಿ ಹೊತ್ತವರು, ತಪಾಸಣೆಗೆ ಬಾರದವರು. ಇಷ್ಟೆಲ್ಲ ಹಿನ್ನಡೆಯಿದ್ದೂ ಉಳಿದವರಿಗೆ ಸಮನಾಗಿ ನಿಲ್ಲುತ್ತಾರೆಂದರೆ, ಮೊದಲೇ ಕಂಡುಹಿಡಿದಿದ್ದರೆ ಅವರಿಗಿಂತ ಮುಂದೆ ಹೋಗುತ್ತಿದ್ದರೋ ಏನೋ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಗಡ್ಡೆ ತೆಗೆದ ಮೇಲೆ ಕಾಯಿಲೆ ಮರುಕಳಿಸದೆ ಉಳಿಯುವ ಅವಧಿ ಇವರಲ್ಲೇ ಹೆಚ್ಚು ಎಂದೂ ಅದೇ ವಿಶ್ಲೇಷಣೆ ಹೇಳುತ್ತದೆ. ಮಾವನ ಲಿವರಿನ ಬಲಭಾಗದ ತುಂಡೊಂದನ್ನು ತೆಗೆದರು. ಸಿರೋಸಿಸ್ ಇಲ್ಲದ್ದರಿಂದ ಉಳಿದ ಲಿವರ್ ಬೆಳೆದುಕೊಂಡಿತು. ಈಗ ಅಡಿಕೆ ಕೊಯ್ಯುವ ಕೊನೆಗೌಡ ಮರ ಹತ್ತಿದಾಗ ಕೆಳಗೆ ನಿಂತು ಗೊಣಗುವಷ್ಟು ಗಟ್ಟಿಯಾಗಿದ್ದಾರೆ. ಮೂರು ತಿಂಗಳಿಗೊಮ್ಮೆ ಇದ್ದ ಸಿಟಿ ಆರು ತಿಂಗಳಿಗೊಮ್ಮೆಗೆ ಬಂದಿದೆ.

ತಡೆಯುವ ದಾರಿಯಲ್ಲಿ ಹೊಸದೇನೂ ಇಲ್ಲವಾದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. ದೇಹದ ತೂಕದಲ್ಲಿ ನೂರಕ್ಕೆ 5 ಇಳಿದರೆ ಲಿವರಿನ ಕೊಬ್ಬು, 7 ಇಳಿದರೆ ಉರಿಯೂತ, 10 ಇಳಿದರೆ ಕಲೆಯೂ ಕಡಿಮೆಯಾಗತೊಡಗುತ್ತದೆ. 80 ಕಿಲೋದವರಿಗೆ ಅದು 8 ಕಿಲೋ. ಕ್ಯೂಬಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಷ್ಟು ಇಳಿಸಿದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಯ ಉರಿಯೂತ ಮಾಯವಾಗಿತ್ತು. ಬಂಗಡೆ, ತಾರ್ಲೆ ತಿನ್ನುವ ಕರಾವಳಿಯವರು ಮೀನನ್ನು ದೂರಬೇಕಾಗಿಲ್ಲ. ಅದರ ಜೊತೆಗಿನ ಅನ್ನದ ರಾಶಿಯನ್ನು ನೋಡಬೇಕು. ಘಟ್ಟದ ಮೇಲಿನವರು ದೋಸೆಯ ಮೇಲೆ ಸುರಿಯುವ ಜೋನಿಬೆಲ್ಲವನ್ನು ‘ಇದು ಸಕ್ಕರೆಯಲ್ಲ’ ಎಂದು ಸಮರ್ಥಿಸಿಕೊಳ್ಳುತ್ತಾರೆ, ಲಿವರಿಗೆ ಆ ಭೇದ ತಿಳಿಯುವುದಿಲ್ಲ. ಕಾಫಿ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಎಂದು ಅನೇಕ ದೇಶಗಳ ಅಧ್ಯಯನಗಳು ಹೇಳುತ್ತವೆ, ಸಕ್ಕರೆ ಹಾಕದಿದ್ದರೆ ಅದನ್ನು ಬಿಡಬೇಕಾಗಿಲ್ಲ. ಕೊಲೆಸ್ಟರಾಲಿಗೆ ಕೊಟ್ಟ ಸ್ಟ್ಯಾಟಿನ್ ಗುಳಿಗೆಯನ್ನು ಲಿವರಿಗೆ ಹೆದರಿ ತಾವಾಗಿಯೇ ನಿಲ್ಲಿಸುವುದು ತಪ್ಪು. ಫ್ಯಾಟಿ ಲಿವರ್ ಇದ್ದವರಲ್ಲಿ ಸಾವಿಗೆ ಮೊದಲ ಕಾರಣ ಹೃದಯದ ಕಾಯಿಲೆಯೇ. ಕಲೆ ಕಂಡವರಿಗೆ ಮದ್ಯ ಸ್ವಲ್ಪವೂ ಸಲ್ಲದು. ಅಡಿಕೆಯೇ ಅನ್ನ ಕೊಡುವ ಸೀಮೆಯಲ್ಲಿ ಕುಳಿತು ಬರೆಯಲು ಕೈ ತಡೆಯುತ್ತದೆ, ಆದರೂ ತೈವಾನಿನ ಅಧ್ಯಯನಗಳು ಕವಳ (ಎಲೆ ಅಡಿಕೆ) ಜಗಿಯುವವರಲ್ಲಿ ಸಿರೋಸಿಸ್ ಮತ್ತು ಲಿವರ್ ಕ್ಯಾನ್ಸರ್ ಹೆಚ್ಚು ಎಂದಿವೆ. ಔಷಧಗಳಲ್ಲಿ ರೆಸ್ಮೆಟಿರೋಮ್ 2024ರಲ್ಲಿ, ಸೆಮಾಗ್ಲುಟೈಡ್ 2025ರಲ್ಲಿ ಕಲೆಯಿರುವ ಫ್ಯಾಟಿ ಲಿವರಿಗೆಂದು ಅಮೆರಿಕದಲ್ಲಿ ಅನುಮತಿ ಪಡೆದವು. ಇವುಗಳಿಂದ ಕ್ಯಾನ್ಸರ್ ತಗ್ಗುತ್ತದೆಯೇ ಎಂದು ತಿಳಿಯಲು ಇನ್ನೂ ವರ್ಷಗಳೇ ಬೇಕು.

ಭಾರತ ಸರ್ಕಾರ 2021ರಲ್ಲಿ ಫ್ಯಾಟಿ ಲಿವರನ್ನು ಸಾಂಕ್ರಾಮಿಕವಲ್ಲದ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ. ಆಶಾ ಕಾರ್ಯಕರ್ತೆ ಮನೆಗೆ ಟೇಪು ಹಿಡಿದು ಬಂದು ಸೊಂಟದ ಸುತ್ತಳತೆ ತೆಗೆದುಕೊಳ್ಳುವುದು ಇದೇ ಕಾರ್ಯಕ್ರಮದ ಭಾಗ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಗಡಿ. ನಮ್ಮ ಜಿಲ್ಲೆಯ ತೊಂದರೆ ಅದಾದ ಮುಂದಿನ ಹೆಜ್ಜೆಯಲ್ಲಿದೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಹಳೆಯದು. ಲಿವರ್ ತಜ್ಞರನ್ನು ಕಾಣಬೇಕಾದವರು ಸದ್ಯಕ್ಕೆ ಹುಬ್ಬಳ್ಳಿಗೋ ಮಣಿಪಾಲ, ಮಂಗಳೂರಿಗೋ ಗೋವೆಗೋ ಹೋಗುತ್ತಾರೆ, ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದರೆ ಅದೂ ನಿಲ್ಲುತ್ತದೆ. ಆದರೆ ಫಿಬ್-4ಕ್ಕೆ ಬೇಕಾದ ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಯಾವ ತಾಲೂಕಿನಲ್ಲೂ ಸಿಗುತ್ತವೆ, ಸಾಮಾನ್ಯ ಅಲ್ಟ್ರಾಸೌಂಡ್‌ಗೂ ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಲ್ಯಾಬಿನಲ್ಲಿ ಸಕ್ಕರೆ ಕಾಯಿಲೆಯವರು ಈ ಮೂರನ್ನೂ ಒಟ್ಟಿಗೆ ಮಾಡಿಸಿದಾಗ ಫಿಬ್-4 ಸಂಖ್ಯೆಯನ್ನು ಹಾಳೆಯ ಕೊನೆಯಲ್ಲಿ ನಾವೇ ಲೆಕ್ಕ ಹಾಕಿ ಮುದ್ರಿಸಲು ಶುರುಮಾಡಿದ್ದೇವೆ, ಅದಕ್ಕೆ ಬೇರೆ ಹಣ ತೆಗೆದುಕೊಳ್ಳುವುದಿಲ್ಲ.

ಸ್ಕ್ಯಾನಿಂಗಿಗೆ ಹೋಗುವವರಿಗೆ ಕೆಲವು ಕೆಲಸದ ಮಾತುಗಳು. ಆರು ಗಂಟೆಯಾದರೂ ಏನೂ ತಿನ್ನದೆ ಹೋದರೆ ಹೊಟ್ಟೆಯ ಗಾಳಿ ಕಡಿಮೆಯಾಗಿ ಲಿವರ್ ಚೆನ್ನಾಗಿ ಕಾಣುತ್ತದೆ. ಸಕ್ಕರೆ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಆ ಹೊತ್ತಿನ ಡೋಸಿನ ಬಗ್ಗೆ ವೈದ್ಯರನ್ನು ಮೊದಲೇ ಕೇಳಿಕೊಳ್ಳಬೇಕು. ಹಳೆಯ ವರದಿಗಳನ್ನು, ಸಿಟಿ ಆಗಿದ್ದರೆ ಅದರ ಸಿಡಿಯನ್ನೂ, ತಪ್ಪದೆ ಜೊತೆಗೆ ಒಯ್ಯಬೇಕು. ಗಡ್ಡೆ ಬೆಳೆಯುತ್ತಿದೆಯೋ ಇಲ್ಲವೋ ಎಂಬುದು ಒಂದು ಚಿತ್ರದಿಂದ ತಿಳಿಯುವುದಿಲ್ಲ, ಎರಡು ತಾರೀಖಿನ ಚಿತ್ರಗಳನ್ನು ಪಕ್ಕದಲ್ಲಿಟ್ಟಾಗ ಮಾತ್ರ ತಿಳಿಯುತ್ತದೆ. ಸಾಧ್ಯವಾದರೆ ಪ್ರತಿ ಸಲವೂ ಒಂದೇ ಕಡೆ ಮಾಡಿಸುವುದು ಒಳ್ಳೆಯದು. ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ ಚುಕ್ಕೆ ಕಂಡರೆ ಮೂರರಿಂದ ಆರು ತಿಂಗಳೊಳಗೆ ಮತ್ತೊಮ್ಮೆ ನೋಡುತ್ತಾರೆ, ಅದನ್ನು ದಾಟಿದ್ದರೆ ಕಾಯದೆ ಸಿಟಿ ಅಥವಾ ಎಂಆರ್‌ಐಗೆ ಬರೆಯುತ್ತಾರೆ.